ಗ್ರಂಥಾಲಯದ ಸ್ವಯಂಸೇವಕರಿಗೆ ಕಾನೂನಿನಲ್ಲಿ ಜಾಗವೆಲ್ಲಿ?

ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬರೂ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಸಾರ್ವಜನಿಕ ಗ್ರಂಥಾಲಯದ ಪೋಷಕರು. ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿಯಂತೆ ಗ್ರಂಥಾಲಯ ಉಪಕರವೂ ಅದರೊಡನೆ ವಸೂಲಾಗುತ್ತದೆ. ಇದಕ್ಕೆ ಆಧಾರ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ. ಅಂದಿನ ಮೈಸೂರು ರಾಜ್ಯದ ವಿಧಾನಮಂಡಲ ಅದನ್ನು ಅಂಗೀಕರಿಸಿದಾಗ ದೇಶದಲ್ಲಿ ಇಂಥ ಕಾಯಿದೆ ಇದ್ದ ರಾಜ್ಯಗಳು ಬೆರಳೆಣಿಕೆಯಷ್ಟು ಮಾತ್ರ. 1948ರಲ್ಲಿ ಮದರಾಸು ದಾರಿ ತೋರಿಸಿತ್ತು. ಅದರ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್. ಅದೇ ರಂಗನಾಥನ್ ತಮ್ಮ ಕೊನೆಯ ಹದಿನೈದು ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ನಮ್ಮ ಕಾಯಿದೆ ಗ್ರಂಥಾಲಯಗಳಿಗೆ ಹಣದ ಮೂಲವನ್ನು ಗೊತ್ತುಮಾಡಿತು, ಪ್ರಾಧಿಕಾರಗಳನ್ನು ರಚಿಸಿತು, ರಾಜ್ಯ ಗ್ರಂಥಾಲಯ ಸೇವೆ ಎಂಬುದಕ್ಕೆ ಬುನಾದಿ ಹಾಕಿತು. ಆ ಕಾಲಕ್ಕೆ ಅದು ದೂರದೃಷ್ಟಿಯ ಶಾಸನವೇ ಸರಿ. ಆದರೆ ಇಂದು ಎಷ್ಟೋ ಗ್ರಂಥಾಲಯಗಳ ಬಾಗಿಲು ಯಾರ ದೆಸೆಯಿಂದ ತೆರೆದಿರುತ್ತದೆಯೋ ಆ ಸ್ವಯಂಸೇವಕರ ಬಗ್ಗೆ ಅದರಲ್ಲಿ ಒಂದು ಕಲಮೂ ಇಲ್ಲ.

ಈ ಸ್ವಯಂಸೇವಕರು ಯಾರೆಂದು ಓದುಗರಿಗೆ ವಿವರಿಸಬೇಕಾಗಿಲ್ಲ. ಬೇಸಿಗೆ ರಜೆಯಲ್ಲಿ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಮಕ್ಕಳಿಗೆ ಕಥೆ ಓದಿ ಹೇಳುವ ಗೃಹಿಣಿ. ಭಾನುವಾರದ ವಿಶ್ರಾಂತಿಯನ್ನು ಬಿಟ್ಟು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಸಾಫ್ಟ್‌ವೇರ್ ಉದ್ಯೋಗಿ. ಅಂಧ ವಿದ್ಯಾರ್ಥಿಗಳಿಗಾಗಿ ಪಠ್ಯವನ್ನು ಧ್ವನಿಮುದ್ರಿಸುವ ಕಾಲೇಜು ಹುಡುಗಿ. ಹಳ್ಳಿಯಲ್ಲಿ ಮೇಲ್ವಿಚಾರಕರು ಬಾರದ ದಿನ ಬೀಗ ತೆಗೆದು ಕೂರುವ ನಿವೃತ್ತ ಮೇಷ್ಟ್ರು. 2019ರಲ್ಲಿ ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಪುಸ್ತಕ ದಾನದ ಅಭಿಯಾನಗಳು ನಡೆದವು. ಇವೆಲ್ಲ ಸಂತೋಷದ ಸಂಗತಿಗಳು. ಗ್ರಂಥಾಲಯಕ್ಕೆ ಬರುವ ಜನ ಹೆಚ್ಚಿದಂತೆ ಅಲ್ಲಿ ಕೈಜೋಡಿಸುವವರೂ ಹೆಚ್ಚುತ್ತಾರೆ, ಹೆಚ್ಚಬೇಕು. ಆದರೆ ಏನಾದರೂ ಅಚಾತುರ್ಯ ನಡೆದಾಗ ಈ ಜನರ ಸ್ಥಾನಮಾನವೇನು ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಸೇವೆಯಲ್ಲಿದ್ದಾಗ ನನ್ನ ಮೇಜಿಗೆ ಬಂದ ಒಂದು ಕಡತ ಈಗಲೂ ನೆನಪಿನಲ್ಲಿದೆ. ಊರಿನ ಹೆಸರು ಬೇಡ. ಅಲ್ಲಿನ ಗ್ರಂಥಾಲಯದ ಮೇಲ್ವಿಚಾರಕರು ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಬಾರದಿದ್ದಾಗ ನಿವೃತ್ತ ಶಿಕ್ಷಕರೊಬ್ಬರು ಪ್ರತಿ ಸಂಜೆ ಬಾಗಿಲು ತೆರೆದು, ಪತ್ರಿಕೆಗಳನ್ನು ಜೋಡಿಸಿ, ಪುಸ್ತಕ ಕೊಟ್ಟು ತೆಗೆದುಕೊಂಡು ನಡೆಸಿದ್ದರು. ಊರಿನವರಿಗೆ ಅನುಕೂಲವಾಗಿತ್ತು, ಯಾರ ಆಕ್ಷೇಪವೂ ಇರಲಿಲ್ಲ. ಮುಂದೆ ಲೆಕ್ಕಪರಿಶೋಧನೆಯವರು ಬಂದಾಗ ನಲವತ್ತಕ್ಕೂ ಹೆಚ್ಚು ಪುಸ್ತಕಗಳು ದಾಸ್ತಾನು ಪುಸ್ತಕಕ್ಕೆ ತಾಳೆಯಾಗಲಿಲ್ಲ. ಜವಾಬ್ದಾರರಿಂದ ವಸೂಲು ಮಾಡತಕ್ಕದ್ದು ಎಂದು ಆಕ್ಷೇಪಣೆ ಹೊರಟಿತು. ಮೇಲ್ವಿಚಾರಕರು ಬೀಗದ ಕೈ ತಮ್ಮಲ್ಲಿರಲಿಲ್ಲ ಎಂದರು. ಮೇಷ್ಟ್ರ ಬಳಿ ಒಂದು ಚೀಟಿಯೂ ಇರಲಿಲ್ಲ. ಯಾರೂ ಅವರಿಗೆ ಲಿಖಿತ ಅನುಮತಿ ಕೊಟ್ಟಿರಲಿಲ್ಲ. ಕೆಳಗಿನ ಕಚೇರಿಯ ಟಿಪ್ಪಣಿಯಲ್ಲಿ ಅವರನ್ನು ‘ಸದರಿ ಅನಧಿಕೃತ ವ್ಯಕ್ತಿ’ ಎಂದು ಬಣ್ಣಿಸಲಾಗಿತ್ತು. ಆಕ್ಷೇಪಣೆಯನ್ನು ಕೈಬಿಡಲು ಪತ್ರ ವ್ಯವಹಾರ ನಡೆದಿರುವಾಗಲೇ ಆ ಹಿರಿಯರು ತಮ್ಮ ಪಿಂಚಣಿಯಿಂದ ಪುಸ್ತಕಗಳ ಬೆಲೆ ಕಟ್ಟಿ, ರಸೀದಿ ಪಡೆದು, ಬೀಗದ ಕೈಯನ್ನು ಪಂಚಾಯಿತಿಯಲ್ಲಿ ಒಪ್ಪಿಸಿದರು. ಮತ್ತೆ ಆ ಕಡೆ ಸುಳಿಯಲಿಲ್ಲವಂತೆ.

ಪುಸ್ತಕ ಓದಿದರೆ ಸವೆಯುತ್ತದೆ, ಜನರ ಕೈಗೆ ಕೊಟ್ಟರೆ ಕೆಲವೊಮ್ಮೆ ಹಿಂದಿರುಗುವುದಿಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು ಇದನ್ನು ಅರ್ಥಮಾಡಿಕೊಂಡಿವೆ. 2017ರ ನಿಯಮಗಳ 215ನೆಯ ನಿಯಮದ ಪ್ರಕಾರ, ಒಂದು ವರ್ಷದಲ್ಲಿ ಎರವಲು ಹೋದ ಅಥವಾ ಪರಾಮರ್ಶೆಗೆ ಬಳಕೆಯಾದ ಪ್ರತಿ ಸಾವಿರ ಪುಸ್ತಕಗಳಿಗೆ ಐದರಂತೆ ಕಳೆದುಹೋದರೆ ಅದು ಸಹಜ ನಷ್ಟ; ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣವಾಗಿರಬಾರದು, ಅಷ್ಟೆ. ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಅಥವಾ ಅಪರೂಪದ ಪುಸ್ತಕವಾದರೆ ಮಾತ್ರ ವಿಚಾರಣೆ ಕಡ್ಡಾಯ. ಈ ನಿಯಮ ಪಂಚಾಯಿತಿ ಗ್ರಂಥಾಲಯಕ್ಕೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಇದರಲ್ಲಿ ಅಡಗಿರುವ ತಿಳಿವಳಿಕೆ ಹಳ್ಳಿಯ ಕಪಾಟಿನವರೆಗೆ ಇಳಿದು ಬರಬೇಕು. ವಸೂಲಾತಿಯ ಭಯವಿದ್ದಲ್ಲಿ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಜಡಿಯುವುದೇ ಜಾಣತನವಾಗುತ್ತದೆ. ಎಷ್ಟು ಗ್ರಂಥಾಲಯಗಳಲ್ಲಿ ಒಳ್ಳೆಯ ಪುಸ್ತಕಗಳು ಗಾಜಿನ ಹಿಂದೆ ಕುಳಿತಿವೆ ಎಂಬುದನ್ನು ಓದುಗರೇ ಕಂಡಿದ್ದಾರೆ.

ಮೇಷ್ಟ್ರಿಗೆ ಒಂದು ಸಾಲಿನ ಅನುಮತಿ ಪತ್ರವನ್ನು ಯಾರೂ ಏಕೆ ಕೊಟ್ಟಿರಲಿಲ್ಲ? ಅಧಿಕಾರಿಗಳ ಉದಾಸೀನ ಎಂದು ಬಿಡಬಹುದು, ಆದರೆ ಪೂರ್ತಿ ನಿಜವಲ್ಲ. ಸರ್ಕಾರಿ ಕಚೇರಿಗಳಲ್ಲಿ ಇಂಥ ಪತ್ರ ಕೊಡಲು ಒಂದು ಹಳೆಯ ಭಯವಿದೆ. ಇಂದು ಪತ್ರ ಕೊಟ್ಟರೆ ನಾಳೆ ಅವರು ಗೌರವಧನ ಕೇಳುತ್ತಾರೆ, ನಾಡಿದ್ದು ನೌಕರಿ ಖಾಯಂ ಮಾಡಿ ಎಂದು ನ್ಯಾಯಾಲಯಕ್ಕೆ ಹೋಗುತ್ತಾರೆ ಎಂಬ ಭಯ. 2006ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೇಮಕಾತಿ ನಿಯಮಗಳನ್ನು ಬದಿಗಿಟ್ಟು ಸೇರಿದವರಿಗೆ ಖಾಯಂ ಆಗುವ ಹಕ್ಕಿಲ್ಲವೆಂದಿತು. ಅದೇ ವರ್ಷದ ಕೊನೆಯಲ್ಲಿ, ಅದೂ ನಮ್ಮ ರಾಜ್ಯದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಮುಂದೆ ಗಾಳಿ ಸ್ವಲ್ಪ ತಿರುಗಿತು. 2022ರಲ್ಲಿ ಗುಜರಾತಿನ ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಯಿಟಿ ಸಲ್ಲಬೇಕೆಂದು ಅದೇ ನ್ಯಾಯಾಲಯ ಹೇಳಿತು. 2024ರ ಡಿಸೆಂಬರಿನಲ್ಲಿ, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸಬಾರದೆಂದು ಇನ್ನೊಂದು ಪ್ರಕರಣದಲ್ಲಿ ಎಚ್ಚರಿಸಿತು.

ಈ ಎಲ್ಲ ತೀರ್ಪುಗಳಿಂದ ಕಚೇರಿಗಳು ಕಲಿತ ಪಾಠ ಒಂದೇ: ಏನನ್ನೂ ಬರೆದು ಕೊಡಬೇಡ. ಇದು ತಪ್ಪು ಪಾಠ. ಸ್ವಯಂಸೇವೆ ಮತ್ತು ಉದ್ಯೋಗದ ನಡುವಿನ ಗೆರೆ ಕಾಗದದ ಮೇಲೆ ಇದ್ದರೆ ಇಬ್ಬರಿಗೂ ಕ್ಷೇಮ. ಸಂಜೆ ಎರಡು ಗಂಟೆ ಬಂದು ಮಕ್ಕಳಿಗೆ ಓದಿ ಹೇಳುವವರು ಸ್ವಯಂಸೇವಕರು. ದಿನಕ್ಕೆ ಎಂಟು ಗಂಟೆ ದುಡಿಯುತ್ತ, ಹಾಜರಿ ಹಾಕುತ್ತ, ವರ್ಷಗಟ್ಟಲೆ ‘ಗೌರವಧನ’ ಎಂಬ ಸುಂದರ ಹೆಸರಿನ ಅಲ್ಪ ಮೊತ್ತಕ್ಕೆ ಕಾದವರು ನೌಕರರು. ಹಳ್ಳಿಗಳ ಗ್ರಂಥಾಲಯ ಮೇಲ್ವಿಚಾರಕರು ಕನಿಷ್ಠ ವೇತನಕ್ಕಾಗಿ ಎಷ್ಟು ಕಾಲ ಹೋರಾಡಬೇಕಾಯಿತು ಎಂಬುದನ್ನು ಬಲ್ಲವರಿಗೆ ಈ ಗೌರವಧನ ಎಂಬ ಶಬ್ದದಲ್ಲಿ ಎಷ್ಟು ಗೌರವವಿದೆ, ಎಷ್ಟು ಧನವಿದೆ ಎಂಬುದೂ ಗೊತ್ತು.

ಅಪಘಾತದ ಮಾತಿಗೆ ಬರೋಣ. ಹಳೆಯ ಕಟ್ಟಡ, ಸಡಿಲ ಕಪಾಟು, ಮೇಲಿನ ಅಟ್ಟದಿಂದ ಪುಸ್ತಕದ ಕಟ್ಟು ಇಳಿಸಲು ಏಣಿ ಹತ್ತಿದ ಹುಡುಗ. ನೌಕರನಾಗಿದ್ದರೆ ಕಾನೂನುಬದ್ಧ ಪರಿಹಾರವಿರುತ್ತಿತ್ತು. ಸ್ವಯಂಸೇವಕನಿಗೆ ಆ ಹಕ್ಕಿಲ್ಲ. ನಿರ್ಲಕ್ಷ್ಯವನ್ನು ಸಾಬೀತುಪಡಿಸಿ ಸಿವಿಲ್ ದಾವೆಯಲ್ಲಿ ಪರಿಹಾರ ಕೇಳಬೇಕು. ಆಸ್ಪತ್ರೆಯ ಬಿಲ್ಲು ಅಷ್ಟು ವರ್ಷ ಕಾಯುವುದಿಲ್ಲ. ಇನ್ನೊಂದು ಮಗ್ಗುಲೂ ಇದೆ. ಸ್ವಯಂಸೇವಕನ ಕೈತಪ್ಪಿನಿಂದ ಓದುಗನಿಗೋ ಮಗುವಿಗೋ ಪೆಟ್ಟಾದರೆ ಹೊಣೆ ಯಾರದು? ಅಮೆರಿಕ 1997ರಲ್ಲೇ ಸ್ವಯಂಸೇವಕರ ಸಂರಕ್ಷಣಾ ಕಾಯಿದೆಯನ್ನು ಮಾಡಿತು. ಲಾಭರಹಿತ ಸಂಸ್ಥೆಗಾಗಲೀ ಸರ್ಕಾರಿ ಸಂಸ್ಥೆಗಾಗಲೀ ದುಡಿಯುವ ಸ್ವಯಂಸೇವಕ ತನಗೆ ವಹಿಸಿದ ಕೆಲಸದ ಮಿತಿಯಲ್ಲಿದ್ದು ಮಾಡಿದ ಸಾಧಾರಣ ಅಜಾಗರೂಕತೆಗೆ ವೈಯಕ್ತಿಕವಾಗಿ ಹೊಣೆಯಾಗುವುದಿಲ್ಲ. ಘೋರ ನಿರ್ಲಕ್ಷ್ಯಕ್ಕೆ, ಉದ್ದೇಶಪೂರ್ವಕ ಅಪರಾಧಕ್ಕೆ, ವಾಹನ ಅಪಘಾತಕ್ಕೆ ಈ ರಕ್ಷಣೆ ಇಲ್ಲ. ವರ್ಷಕ್ಕೆ 500 ಡಾಲರಿಗಿಂತ ಹೆಚ್ಚು ಪಡೆಯುವವನು ಅಲ್ಲಿ ಸ್ವಯಂಸೇವಕನೇ ಅಲ್ಲ. ಪೈಸೆ ಪೈಸೆಗೂ ಲೆಕ್ಕ ಕೇಳುವ, ಮಾತೆತ್ತಿದರೆ ದಾವೆ ಹೂಡುವ ದೇಶವೆಂದು ನಾವು ಹಾಸ್ಯ ಮಾಡುವ ಅಮೆರಿಕ ಇಷ್ಟನ್ನು ಯೋಚಿಸಿತು. ಸೇವೆಯೇ ಪರಮ ಧರ್ಮವೆಂದು ವೇದಿಕೆಗಳಲ್ಲಿ ಸಾರುವ ನಾವು ಅಂಥ ಕಾಯಿದೆಯನ್ನು ಇನ್ನೂ ಮಾಡಿಲ್ಲ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಗಾಗಿ 2012ರಲ್ಲಿ ಬಂದ ಪೋಕ್ಸೊ ಕಾಯಿದೆಯ ಪ್ರಕಾರ, ಅಪರಾಧ ನಡೆದಿದೆಯೆಂದು ತಿಳಿದ ಯಾವುದೇ ವ್ಯಕ್ತಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ರಕ್ಷಣೆಯೂ ಉಂಟು. ಕಥೆ ಹೇಳಲು ಬರುವ ಸ್ವಯಂಸೇವಕಿಗೆ ಇದನ್ನು ಯಾರು ಹೇಳಿಕೊಟ್ಟಿದ್ದಾರೆ? ಮಗುವೊಂದು ಅವಳ ಬಳಿ ಮನೆಯ ಗುಟ್ಟೊಂದನ್ನು ಹೇಳಿಕೊಂಡರೆ ಅವಳು ಏನು ಮಾಡಬೇಕು? 2020ರ ಪೋಕ್ಸೊ ನಿಯಮಗಳು ಮಕ್ಕಳೊಡನೆ ನಿಯತವಾಗಿ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕೆನ್ನುತ್ತವೆ. ನಿಯಮದ ಮಾತು ಖಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ಎಲ್ಲ ಸಿಬ್ಬಂದಿಗೂ ತಗಲುತ್ತದೆ. ಆದರೆ ಸಂಬಳವನ್ನೇ ಪಡೆಯದ ಸ್ವಯಂಸೇವಕ ಅದರ ವ್ಯಾಪ್ತಿಗೆ ಬರುತ್ತಾನೆಯೇ ಎಂಬುದು ಸ್ಪಷ್ಟವಿಲ್ಲ. ಪರಿಶೀಲನೆ ಮಾಡಿಸುವುದೆಂದರೆ ಸ್ವಯಂಸೇವಕರನ್ನು ಅನುಮಾನಿಸಿದಂತೆ ಎಂದು ಕೆಲವರು ಮುನಿಸಿಕೊಳ್ಳುತ್ತಾರೆ. ಈ ಮುನಿಸನ್ನು ನಾನು ಒಪ್ಪುವುದಿಲ್ಲ. ತಮ್ಮ ಮಗುವನ್ನು ಎರಡು ಗಂಟೆ ಅಪರಿಚಿತರ ಬಳಿ ಬಿಟ್ಟು ಹೋಗುವ ತಾಯಿಗೆ ಅಷ್ಟು ಕೇಳುವ ಹಕ್ಕಿದೆ.

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡುವವರ ಸಂಕಷ್ಟವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕನ್ನಡದ ಮಟ್ಟಿಗೆ ಅತಿ ಹೆಚ್ಚು ಪಣಕ್ಕಿರುವುದು ಅಲ್ಲಿ. ಕಳೆದ ಶತಮಾನದ ಮೊದಲ ಭಾಗದಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾದ ನಮ್ಮ ಪುಸ್ತಕಗಳು, ನಿಯತಕಾಲಿಕೆಗಳು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿವೆ. ಅವನ್ನು ಉಳಿಸಲು ಹೊರಟವರು ಮೊದಲು ಎದುರಿಸುವುದು 1957ರ ಕೃತಿಸ್ವಾಮ್ಯ ಕಾಯಿದೆಯನ್ನು. ಪುಸ್ತಕವನ್ನು ಎರವಲು ಕೊಡುವುದಕ್ಕೆ ಅದರಿಂದ ಅಡ್ಡಿಯಿಲ್ಲ. ಅಡ್ಡಿ ಇರುವುದು ಪ್ರತಿ ತೆಗೆಯುವುದಕ್ಕೆ. ಲೇಖಕರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ತ್ರಿವೇಣಿಯವರು ಮತ್ತು ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಆದ್ದರಿಂದ ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಜನವರಿ 1ರಂದು ಎಲ್ಲರ ಸ್ವತ್ತಾದವು. ಅ.ನ.ಕೃ. ಕಾದಂಬರಿಗಳಿಗೆ 2031ರ ಕೊನೆಯವರೆಗೆ ಕಾಯಬೇಕು, ಡಿ.ವಿ.ಜಿ.ಯವರ ಬರಹಗಳಿಗೆ 2035ರ ಕೊನೆಯವರೆಗೆ, ಮಾಸ್ತಿಯವರದಕ್ಕೆ 2046. ಈ ಮಹನೀಯರ ವಿಷಯದಲ್ಲಿ ಲೆಕ್ಕ ಸುಲಭ. ಪುಸ್ತಕಗಳೂ ಮಾರುಕಟ್ಟೆಯಲ್ಲಿವೆ, ವಾರಸುದಾರರ ಹಕ್ಕೂ ನ್ಯಾಯವಾದದ್ದು. ತೊಡಕಿರುವುದು ಒಂದೇ ಮುದ್ರಣ ಕಂಡು ಮರೆಯಾದ ನೂರಾರು ಲೇಖಕರ ವಿಷಯದಲ್ಲಿ. ಅವರು ತೀರಿಕೊಂಡದ್ದು ಯಾವಾಗ ಎಂಬುದೇ ತಿಳಿಯದು. ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೋ, ಪ್ರಕಾಶಕರ ಅಂಗಡಿ ಎಂದೋ ಮುಚ್ಚಿದೆ.

ಕಾಯಿದೆ ಗ್ರಂಥಾಲಯಗಳಿಗೆ ಎರಡು ಕಿಟಕಿಗಳನ್ನು ತೆರೆದಿದೆ. 52ನೆಯ ಕಲಮಿನ ಒಂದು ಉಪಖಂಡದ ಪ್ರಕಾರ, ಭಾರತದಲ್ಲಿ ಮಾರಾಟಕ್ಕೆ ದೊರೆಯದ ಪುಸ್ತಕವಾದರೆ ವಾಣಿಜ್ಯ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನ ಬಳಕೆಗಾಗಿ ಮೂರಕ್ಕೆ ಮೀರದಂತೆ ಪ್ರತಿಗಳನ್ನು ಮಾಡಿಕೊಳ್ಳಬಹುದು. ಆ ಪ್ರತಿಗಳು ಗ್ರಂಥಾಲಯದ ಮುಖ್ಯಸ್ಥರಿಂದ ಅಥವಾ ಅವರ ನಿರ್ದೇಶನದ ಮೇರೆಗೆ ಆಗಬೇಕು. 2012ರ ತಿದ್ದುಪಡಿಯಲ್ಲಿ ಸೇರಿದ ಇನ್ನೊಂದರಂತೆ, ಗ್ರಂಥಾಲಯದಲ್ಲಿ ಅಚ್ಚಿನ ಪ್ರತಿ ಈಗಾಗಲೇ ಇದ್ದರೆ ಸಂರಕ್ಷಣೆಗಾಗಿ ಅದನ್ನು ವಿದ್ಯುನ್ಮಾನ ರೂಪದಲ್ಲಿ ಶೇಖರಿಸಿಡಬಹುದು. ಗಮನಿಸಿ: ಶೇಖರಿಸಿಡಬಹುದು. ಅಂತರ್ಜಾಲದಲ್ಲಿ ಎಲ್ಲರಿಗೂ ಹಂಚಬಹುದು ಎಂದು ಅದು ಹೇಳುವುದಿಲ್ಲ. ‘ವಾಣಿಜ್ಯ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ’ ಎಂದರೆ ಯಾವುದು ಎಂಬ ವ್ಯಾಖ್ಯೆಯೂ ಆ ಕಾಯಿದೆಯಲ್ಲಿಲ್ಲ. ಸರ್ಕಾರದ ಗ್ರಂಥಾಲಯ ನಿಸ್ಸಂಶಯವಾಗಿ ಅದರೊಳಗೆ ಬರುತ್ತದೆ. ಗೆಳೆಯರ ಬಳಗವೊಂದು ಬಾಡಿಗೆ ಕೋಣೆಯಲ್ಲಿ ನಡೆಸುವ ಗ್ರಂಥಾಲಯ? ಸ್ವಯಂಸೇವಕನೊಬ್ಬ ಪುಸ್ತಕವನ್ನು ಮನೆಗೆ ಒಯ್ದು ತನ್ನ ಯಂತ್ರದಲ್ಲಿ ಸ್ಕ್ಯಾನ್ ಮಾಡಿ ತನ್ನ ಕಂಪ್ಯೂಟರಿನಲ್ಲಿಟ್ಟುಕೊಂಡರೆ ಅದು ಗ್ರಂಥಾಲಯ ಮಾಡಿದ ಪ್ರತಿಯೋ, ಅವನು ಮಾಡಿದ ಪ್ರತಿಯೋ? ಗ್ರಂಥಪಾಲಕರ ಲಿಖಿತ ನಿರ್ದೇಶನವಿದ್ದರೆ ಒಂದು ಉತ್ತರ, ಇಲ್ಲದಿದ್ದರೆ ಇನ್ನೊಂದು. ಮೇಷ್ಟ್ರಿಗೆ ಸಿಗದೇ ಹೋದ ಅದೇ ಒಂದು ಸಾಲಿನ ಪತ್ರ ಇಲ್ಲೂ ಬೇಕು.

ಇದು ಬರಿಯ ತರ್ಕದ ಜಿಜ್ಞಾಸೆಯಲ್ಲ. ಗೊತ್ತಿದ್ದೂ ಕೃತಿಸ್ವಾಮ್ಯವನ್ನು ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ಲಾಭದ ಉದ್ದೇಶವಿಲ್ಲದಿದ್ದರೆ ನ್ಯಾಯಾಲಯ ಶಿಕ್ಷೆಯನ್ನು ಇಳಿಸಬಹುದು ಎಂಬುದು ನಿಜ. ಆದರೆ ಇದು ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧವೆಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಜೆ ಇಳಿಯುವುದು ತೀರ್ಪಿನ ದಿನ. ಬಂಧನದ ಭಯ ಮೊದಲ ದಿನವೇ. ದೆಹಲಿ ವಿಶ್ವವಿದ್ಯಾನಿಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ 2016ರಲ್ಲಿ ದೆಹಲಿ ಹೈಕೋರ್ಟು ವಿದ್ಯಾರ್ಥಿಗಳ ಪರ ನಿಂತದ್ದನ್ನು ಕೆಲವರು ಉದಾಹರಿಸುತ್ತಾರೆ. ಆ ತೀರ್ಪು ಬೋಧನೆಯ ಅಗತ್ಯಕ್ಕೆ ಸಂಬಂಧಿಸಿದ್ದು. ಊರ ಗ್ರಂಥಾಲಯದ ಸ್ವಯಂಸೇವಕ ಅದರ ಆಸರೆ ಹಿಡಿಯಲಾರ.

ವಾರಸುದಾರರು ಪತ್ತೆಯಾಗದ ಕೃತಿಗಳಿಗೂ ಕಾಯಿದೆಯ 31ಎ ಕಲಮಿನಲ್ಲಿ ಒಂದು ದಾರಿಯಿದೆ. ಪರವಾನಗಿ ಬಯಸುವವರು ಮೊದಲು ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅನುವಾದವನ್ನು ಪ್ರಕಟಿಸುವುದಾದರೆ ಮಾತ್ರ ಆ ಭಾಷೆಯ ಪತ್ರಿಕೆಯಲ್ಲೂ ಕೊಡಬೇಕು. ಅಂದರೆ ಗದಗದಲ್ಲೋ ಕುಂದಾಪುರದಲ್ಲೋ ಇದ್ದು ಕನ್ನಡದಲ್ಲಿ ಬರೆದ ಲೇಖಕನ ಮೊಮ್ಮಗನನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಬೇಕು. ಆ ಬಳಿಕ ಅರ್ಜಿ ಹಾಕಬೇಕಾದ್ದು ಹಿಂದೆ ಕೃತಿಸ್ವಾಮ್ಯ ಮಂಡಲಿಗೆ. ನ್ಯಾಯಮಂಡಲಿಗಳ 2021ರ ಸುಧಾರಣೆಯ ನಂತರ ವಾಣಿಜ್ಯ ನ್ಯಾಯಾಲಯಕ್ಕೆ. ಎಂಬತ್ತು ಪುಟದ, ಮರುಮುದ್ರಣ ಕಾಣದ ಒಂದು ಪ್ರವಾಸ ಕಥನಕ್ಕಾಗಿ ಯಾವ ಸ್ವಯಂಸೇವಕರ ಬಳಗ ಜಾಹೀರಾತಿನ ವೆಚ್ಚ ಭರಿಸಿ ವಕೀಲರನ್ನು ಹಿಡಿದೀತು? ಅರ್ಥಶಾಸ್ತ್ರದ ಭಾಷೆಯಲ್ಲಿ, ವ್ಯವಹಾರದ ವೆಚ್ಚ ವಸ್ತುವಿನ ಬೆಲೆಯನ್ನು ಮೀರಿದಾಗ ವ್ಯವಹಾರ ನಡೆಯುವುದಿಲ್ಲ. ಇಲ್ಲಿ ನಡೆಯದೆ ಉಳಿಯುವುದೆಂದರೆ ಪುಸ್ತಕ ಪುಡಿಯಾಗುವುದು. ಈ ಕಾಯಿದೆ ಕೇಂದ್ರದ್ದಾದ್ದರಿಂದ ರಾಜ್ಯ ಮಾಡಬಹುದಾದ್ದು ಕಡಿಮೆ. ಆದರೂ ತೀರಿಕೊಂಡ ಕನ್ನಡ ಲೇಖಕರ ಮರಣದ ವರ್ಷ ಮತ್ತು ವಾರಸುದಾರರ ವಿವರಗಳ ನಂಬಲರ್ಹ ಪಟ್ಟಿಯೊಂದನ್ನು ಸಾಹಿತ್ಯ ಅಕಾಡೆಮಿಯೋ ಪುಸ್ತಕ ಪ್ರಾಧಿಕಾರವೋ ಸಿದ್ಧಪಡಿಸಿದರೆ ಅರ್ಧ ಕಗ್ಗಂಟು ಬಿಚ್ಚಿಕೊಳ್ಳುತ್ತದೆ.

ಅಂಧರಿಗಾಗಿ ಓದಿ ಧ್ವನಿಮುದ್ರಿಸುವವರಿಗೆ ಮಾತ್ರ ಕಾನೂನು ಉದಾರವಾಗಿದೆ. 2012ರ ತಿದ್ದುಪಡಿ ಅದಕ್ಕೆ ಸ್ಪಷ್ಟ ವಿನಾಯಿತಿ ಕೊಟ್ಟಿತು. ಅಂಗವಿಕಲರ ಓದಿಗಾಗಿ ರೂಪುಗೊಂಡ ಮರ‍್ರಾಕೇಶ್ ಒಪ್ಪಂದವನ್ನು 2014ರ ಜೂನ್‌ನಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಲಾಭವಿಲ್ಲದೆ, ಅಂಗವಿಕಲರಿಗಷ್ಟೇ ತಲುಪುವಂತೆ ನೋಡಿಕೊಂಡರೆ ಯಾರ ಅನುಮತಿಯೂ ಬೇಡ. ಇದು ಗೊತ್ತಿಲ್ಲದೆ ಹಿಂಜರಿಯುತ್ತಿರುವ ಸ್ವಯಂಸೇವಕರನ್ನು ನಾನು ಕಂಡಿದ್ದೇನೆ. ಅವರು ಹಿಂಜರಿಯಬೇಕಾಗಿಲ್ಲ.

ಓದುಗರ ಖಾಸಗಿತನದ ಪ್ರಶ್ನೆಯನ್ನು ನಮ್ಮ ಗ್ರಂಥಾಲಯಗಳಲ್ಲಿ ಯಾರೂ ಕೇಳಿದ್ದಿಲ್ಲ. ಯಾರು ಯಾವ ಪುಸ್ತಕ ಒಯ್ದರು ಎಂಬ ಲೆಡ್ಜರ್ ಮೇಜಿನ ಮೇಲೆ ತೆರೆದೇ ಬಿದ್ದಿರುತ್ತದೆ. ಕಾಗದದ ಲೆಡ್ಜರ್ ಇರುವವರೆಗೆ ಹೊಸ ಕಾನೂನಿನ ತಂಟೆಯಿಲ್ಲ. ಆದರೆ ಈಗ ಉತ್ಸಾಹಿ ಸ್ವಯಂಸೇವಕರು ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಮಕ್ಕಳ ಹೆಸರು, ಶಾಲೆ, ತಂದೆಯ ಮೊಬೈಲ್ ಸಂಖ್ಯೆ, ಕೆಲವೆಡೆ ಆಧಾರ್ ಸಂಖ್ಯೆ ಕೂಡ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಅದರ ಫಲವಾಗಿ ಬಂದ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದು ಹಂತ ಹಂತವಾಗಿ ಜಾರಿಗೆ ಬರಲಿವೆ. ಹದಿನೆಂಟು ತುಂಬದವರ ವಿವರಕ್ಕೆ ಪೋಷಕರ ಖಚಿತ ಒಪ್ಪಿಗೆ ಬೇಕು. ತಪ್ಪಿದರೆ ದಂಡದ ಗರಿಷ್ಠ ಮಿತಿ ಕೋಟಿಗಳ ಲೆಕ್ಕದಲ್ಲಿದೆ. ಕಥೆ ಕೇಳುವ ಮಕ್ಕಳ ಫೋಟೋಗಳನ್ನು ವಾಟ್ಸ್ಆ್ಯಪಿನಲ್ಲಿ ಹಾಕುವ ಮೊದಲು ಒಮ್ಮೆ ಯೋಚಿಸುವುದು ಒಳ್ಳೆಯದು. ಗ್ರಂಥಾಲಯದ ಚೀಟಿಗೆ ಆಧಾರ್ ಸಂಖ್ಯೆಯ ಅಗತ್ಯವಂತೂ ನನಗೆ ಅರ್ಥವಾಗಿಲ್ಲ.

ದಾನದ ವಿಷಯದಲ್ಲೂ ಕಾಣದ ಕಂದಕಗಳಿವೆ. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಕಾರ್ಮಿಕರೊಬ್ಬರು ಪ್ರೀತಿಯಿಂದ ಕಟ್ಟಿದ ಗ್ರಂಥಾಲಯ ಬೆಂಕಿಗೆ ಆಹುತಿಯಾಯಿತು. ಸುಮಾರು 11,000 ಪುಸ್ತಕಗಳು ಭಸ್ಮವಾದವೆಂದು ಪತ್ರಿಕೆಗಳು ಬರೆದವು. ಅಂತರ್ಜಾಲದ ಮೂಲಕ ಲಕ್ಷಗಟ್ಟಲೆ ರೂಪಾಯಿ ಹರಿದು ಬಂತು, ಸರ್ಕಾರವೂ ಹೊಸ ಗ್ರಂಥಾಲಯದ ಭರವಸೆ ನೀಡಿತು. ಕನ್ನಡಿಗರ ಹೃದಯ ದೊಡ್ಡದೆಂದು ಎಲ್ಲರೂ ಹೆಮ್ಮೆಪಟ್ಟೆವು. ಆದರೆ ಇಂಥ ಗ್ರಂಥಾಲಯಗಳು ಕಾನೂನಿನ ಕಣ್ಣಿನಲ್ಲಿ ಯಾರ ಆಸ್ತಿ, ನಿಂತ ನೆಲ ಯಾರದು, ಬಂದ ಹಣವನ್ನು ಯಾರ ಹೆಸರಿನಲ್ಲಿ ಸ್ವೀಕರಿಸಬೇಕು, ನಡೆಸುವವರ ನಂತರ ಯಾರು ಎಂಬ ಪ್ರಶ್ನೆಗಳಿಗೆ ಹೃದಯ ಉತ್ತರ ಕೊಡಲಾರದು. ಒಂದು ಸಂಘವನ್ನೋ ವಿಶ್ವಸ್ತ ಮಂಡಲಿಯನ್ನೋ ನೋಂದಾಯಿಸಿಕೊಳ್ಳುವುದು ಇದಕ್ಕೆ ಮದ್ದು. ಹೊರದೇಶಗಳ ಕನ್ನಡ ಬಳಗಗಳೂ ಇಷ್ಟನ್ನು ತಿಳಿದಿರಬೇಕು: ಭಾರತದ ಪೌರತ್ವ ಉಳಿಸಿಕೊಂಡವರು ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆಯಾಗುವುದಿಲ್ಲ, ಅನ್ಯದೇಶದ ಪೌರತ್ವ ಪಡೆದವರು ಕಳಿಸಿದ್ದು ಆಗುತ್ತದೆ, ಅವರು ಎಷ್ಟೇ ಅಚ್ಚ ಕನ್ನಡಿಗರಾಗಿರಲಿ. ಈ ಕಾಯಿದೆಯಲ್ಲಿ ವಂತಿಗೆ ಎಂದರೆ ಹಣವಷ್ಟೇ ಅಲ್ಲ, ವಸ್ತುವೂ ಹೌದು. ನ್ಯೂಜೆರ್ಸಿಯಿಂದ ಹುಟ್ಟೂರಿನ ಗ್ರಂಥಾಲಯ ಸಂಘಕ್ಕೆ ಬಂದ ಪುಸ್ತಕದ ಪೆಟ್ಟಿಗೆಯೂ ಅದರೊಳಗೆ ಸೇರಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಸ್ವಯಂಸೇವಕರಿಗೆ ಕಾನೂನಿನ ಮನ್ನಣೆ ಕೊಡುವುದೆಂದರೆ ಖಾಲಿ ಹುದ್ದೆಗಳಿಗೆ ಅವರನ್ನು ತುಂಬುವುದಲ್ಲ. ಬ್ರಿಟನ್ನಿನಲ್ಲಿ ಸರ್ಕಾರ ವೆಚ್ಚ ಕಡಿತಕ್ಕಿಳಿದಾಗ ಅನೇಕ ಗ್ರಂಥಾಲಯಗಳನ್ನು ಸ್ವಯಂಸೇವಕರ ಕೈಗೆ ಒಪ್ಪಿಸಲಾಯಿತು. ಸರ‍್ರೆ ಕೌಂಟಿ ಹತ್ತು ಗ್ರಂಥಾಲಯಗಳನ್ನು ಹೀಗೆ ಒಪ್ಪಿಸಲು ಹೊರಟಾಗ 2012ರಲ್ಲಿ ಅಲ್ಲಿನ ಹೈಕೋರ್ಟು ಆ ನಿರ್ಧಾರವನ್ನು ಕಾನೂನುಬಾಹಿರವೆಂದಿತು. ವೃದ್ಧರು, ಅಂಗವಿಕಲರು ಮೊದಲಾದವರನ್ನು ಸಮಾನವಾಗಿ ನಡೆಸಿಕೊಳ್ಳಲು ಸ್ವಯಂಸೇವಕರಿಗೆ ಬೇಕಾದ ತರಬೇತಿಯ ಬಗ್ಗೆ ಕೌಂಟಿ ಸರಿಯಾಗಿ ಪರಿಶೀಲಿಸಿರಲಿಲ್ಲ ಎಂಬುದು ಕಾರಣ. ನಮ್ಮಲ್ಲಿ ಅಂಥ ನಿರ್ಧಾರವನ್ನು ಯಾರೂ ಘೋಷಿಸುವುದಿಲ್ಲ. ಗ್ರಂಥಪಾಲಕರು ನಿವೃತ್ತರಾಗುತ್ತಾರೆ, ಹುದ್ದೆ ಖಾಲಿ ಉಳಿಯುತ್ತದೆ, ಯಾರೋ ಪುಣ್ಯಾತ್ಮರು ಬಾಗಿಲು ತೆರೆಯುತ್ತಾರೆ. ಕೇರಳದ ದಾರಿ ಬೇರೆ. ಅಲ್ಲಿ 1989ರ ಕಾಯಿದೆಯಡಿ ಊರಿನವರೇ ಆಯ್ಕೆ ಮಾಡಿದ ಸಮಿತಿಗಳು ಗ್ರಂಥಾಲಯಗಳನ್ನು ನಡೆಸುತ್ತವೆ. ಸ್ವಯಂಸೇವೆ ಕಾನೂನಿನ ಚೌಕಟ್ಟಿನೊಳಗೇ ಇದೆ. ಅದನ್ನು ನಾವು ನಕಲು ಮಾಡಬೇಕಾಗಿಲ್ಲ, ನಮ್ಮ ಇತಿಹಾಸವೇ ಬೇರೆ. ಹಣದ ಕೊರತೆಯ ನೆಪವನ್ನಂತೂ ಒಪ್ಪಲಾಗದು. ಬಿಬಿಎಂಪಿ ಇದ್ದಾಗ ಜನರಿಂದ ವಸೂಲು ಮಾಡಿ ಗ್ರಂಥಾಲಯ ಇಲಾಖೆಗೆ ವರ್ಗಾಯಿಸದೆ ಉಳಿಸಿಕೊಂಡ ಉಪಕರ ನೂರಾರು ಕೋಟಿ ರೂಪಾಯಿ ಎಂಬ ವರದಿಗಳು ಮತ್ತೆ ಮತ್ತೆ ಬಂದವು. 2025ರಲ್ಲಿ ಅದರ ಜಾಗಕ್ಕೆ ಐದು ನಗರಪಾಲಿಕೆಗಳು ಬಂದಿವೆ. ಹಳೆಯ ಬಾಕಿಯಲ್ಲಿ ಯಾರ ಪಾಲೆಷ್ಟು ಎಂಬ ಲೆಕ್ಕವನ್ನು ಸಾರ್ವಜನಿಕರ ಮುಂದಿಡಬೇಕು. ನಿರ್ದಿಷ್ಟ ಉದ್ದೇಶಕ್ಕೆಂದು ಎತ್ತಿದ ಉಪಕರವನ್ನು ಬೇರೆಡೆ ತೊಡಗಿಸುವುದು, ಅದೇ ಉದ್ದೇಶಕ್ಕೆ ಸ್ವಯಂಸೇವಕರ ಬಿಟ್ಟಿ ದುಡಿಮೆಯನ್ನು ಬೇಡುವುದು, ಎರಡೂ ಒಟ್ಟಿಗೆ ನಡೆಯಬಾರದು.

ಬೇಕಾಗಿರುವುದು ದೊಡ್ಡ ಶಾಸನವಲ್ಲ. 1965ರ ಕಾಯಿದೆಗೆ ಸ್ವಯಂಸೇವಕರ ಬಗ್ಗೆ ಒಂದು ಪುಟ್ಟ ಅಧ್ಯಾಯ ಸೇರಲಿ: ಸ್ವಯಂಸೇವಕರೆಂದರೆ ಯಾರು, ವಾರಕ್ಕೆ ಗರಿಷ್ಠ ಎಷ್ಟು ಗಂಟೆ, ಖಾಲಿ ಹುದ್ದೆಯ ಕೆಲಸಕ್ಕೆ ಅವರನ್ನು ಬಳಸುವಂತಿಲ್ಲ ಎಂಬ ನಿರ್ಬಂಧ, ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ರಕ್ಷಣೆ, ಪುಸ್ತಕ ನಷ್ಟಕ್ಕೆ ವಿನಾಯಿತಿಯ ಪ್ರಮಾಣ. ಕಾಗದಪತ್ರ ಹೆಚ್ಚಾದರೆ ಸ್ವಯಂಸೇವಕರು ಓಡಿಹೋಗುತ್ತಾರೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಮೂರು ಪ್ರತಿಗಳ ಅರ್ಜಿ ನಮೂನೆ ಮುದ್ರಿಸುವ ಇಲಾಖೆಗಳ ಚಪಲ ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಒಂದೇ ಹಾಳೆ ಸಾಕು. ಒಂದು ಬದಿಯಲ್ಲಿ ಸ್ವಯಂಸೇವಕರ ಹೆಸರು, ವಹಿಸಿದ ಕೆಲಸ, ಅವಧಿ, ಗ್ರಂಥಪಾಲಕರ ಸಹಿ. ಇನ್ನೊಂದು ಬದಿಯಲ್ಲಿ ಮಕ್ಕಳು, ಪ್ರತಿ ತೆಗೆಯುವುದು, ಓದುಗರ ವಿವರಗಳು, ದಾನ ಇವುಗಳ ಬಗ್ಗೆ ತಿಳಿಗನ್ನಡದ ಹತ್ತು ಸಾಲು.

ತಿದ್ದುಪಡಿ ವಿಧಾನಮಂಡಲದ ಮುಂದೆ ಬರುವವರೆಗೆ ಕಾಯಲೂ ಬೇಕಿಲ್ಲ. ಈ ಹಾಳೆಯನ್ನು ಒಂದು ಸುತ್ತೋಲೆಯಿಂದ ಜಾರಿಗೆ ತರಬಹುದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ಹದಿನೆಂಟರಿಂದ ಎಪ್ಪತ್ತು ವರ್ಷದೊಳಗಿನ ಖಾತೆದಾರರಿಗೆ ವರ್ಷಕ್ಕೆ 20 ರೂಪಾಯಿ ಕಂತಿನಲ್ಲಿ ಎರಡು ಲಕ್ಷ ರೂಪಾಯಿಯ ಅಪಘಾತ ವಿಮೆ ದೊರೆಯುತ್ತದೆ. ಆ ಕಂತನ್ನು ಗ್ರಂಥಾಲಯ ನಿಧಿಯಿಂದ ಮರುಪಾವತಿ ಮಾಡಿದರೆ ಸಾವಿರ ಸ್ವಯಂಸೇವಕರಿಗೆ ತಗಲುವ ವೆಚ್ಚ 20 ಸಾವಿರ ರೂಪಾಯಿ. ಇಷ್ಟು ಸಣ್ಣ ಮೊತ್ತದ ಪ್ರಸ್ತಾವವನ್ನು ಹಣಕಾಸು ಇಲಾಖೆ ತಡೆಹಿಡಿದದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಯಾರಾದರೂ ಕಡತ ತೆರೆಯಬೇಕು, ಅಷ್ಟೆ.